ಸೊನ್ನೆ ನೋಡಿ

ಐದೂ ಮುಕ್ಕಾಲಿಗೆ ಇಸಳೂರು ಇನ್ನೂ ಕಂಬಳಿಯೊಳಗೆ.
ಸೆಲ್ಫ್ ಸತ್ತು ಎರಡು ಚಳಿಗಾಲ ಆಯ್ತು ಈ ಗಾಡಿಗೆ;
ಚೋಕ್ ಎಳೆದು ಒದೆಯಬೇಕು.
ಏಳನೆಯ ಒದೆತಕ್ಕೆ ಕೆಮ್ಮುತ್ತದೆ, ಹತ್ತಕ್ಕೆ ಎದ್ದು ಕೂರುತ್ತದೆ,
ನನ್ನ ಮಗನ ಹಾಗೇ, ಬೈದರೆ ಮಾತ್ರ.

ಸ್ವೆಟರಿನ ಒಳಗೆ, ಎದೆಗೆ, ನಿನ್ನೆಯ ಪೇಪರು;
ಮಡಚಿದ ಕಡೆ ಚಿನ್ನದ ಅಂಗಡಿಯ ಜಾಹೀರಾತು.
ಕೈಗೆ ಅವನ ಹಳೆಯ ಶಾಲೆ ಸಾಕ್ಸು,
ಅದರ ಮೇಲೆ ಹಾಲಿನ ಕವರು, ರಬ್ಬರ್ ಬ್ಯಾಂಡು.
ಬಸ್ ಸ್ಟ್ಯಾಂಡ್ ಎದುರು ಗ್ಲೌಸು ನೂರಾ ಎಂಬತ್ತು.
ನವೆಂಬರಿನಿಂದ ಚೌಕಾಸಿ ಮಾಡಿ ನೂರೈವತ್ತಕ್ಕೆ ಇಳಿಸಿದ್ದೇನೆ;
ಚಳಿ ಇಳಿದರೆ ಅಂಗಡಿಯವ ಇನ್ನೂ ಇಳಿಯುತ್ತಾನೆ,
ಆಗ ನನಗೆ ಗ್ಲೌಸು ಯಾತಕ್ಕೆ.

ಕ್ರಾಸಿನಲ್ಲಿ ದ್ಯಾಮಕ್ಕ ಹತ್ತುತ್ತಾಳೆ,
ಖಾನಾವಳಿಯಲ್ಲಿ ಪಾತ್ರೆ ತೊಳೆಯುವವಳು.
ಸೋಮವಾರ ಹತ್ತು ರೂಪಾಯಿ, ಉಳಿದ ದಿನ ಬರೀ ಮಾತು.
ಅವಳ ತೂಕಕ್ಕೆ ಎಷ್ಟು ಪೆಟ್ರೋಲು ಅಂತ ಒಮ್ಮೆ ಲೆಕ್ಕ ಹಾಕಿದೆ,
ಅರ್ಧಕ್ಕೇ ನಾಚಿಕೆಯಾಗಿ ಬಿಟ್ಟೆ.
ಗಾಳಿಗೆ ನಾನು ಅವಳ ಗೋಡೆ,
ನನ್ನ ಬೆನ್ನಿಗೆ ಅವಳೇ ಒಲೆ.
ಕಿವಿಯ ಹತ್ತಿರ ಎಲೆಯಡಿಕೆ ವಾಸನೆ,
ಸೊಸೆಯ ಮೇಲಿನ ದೂರು, ಒಂದಿಷ್ಟು ಆವಿ.

ಹೆಡ್‌ಲೈಟು ಮಂಜಿನಲ್ಲಿ ದಾರಿ ತೋರಿಸುವುದಿಲ್ಲ,
ಮಂಜನ್ನೇ ತೋರಿಸುತ್ತದೆ.
ಎದುರಿನ ಲಾರಿ ಮೊದಲು ಒಂದು ಸದ್ದು, ಆಮೇಲೆ ಎರಡು ಕಣ್ಣು,
ಆಮೇಲೆ ಪಕ್ಕದಲ್ಲೇ ಹಾದುಹೋಗಿಬಿಟ್ಟ ಗಾಳಿ.
ಗದ್ದೆ ಬಂತೆಂದು ತಿಳಿಯುವುದು ಬಣವೆಯ ವಾಸನೆಗೆ.

ಇಳಿಜಾರಿಗೆ ಬಂದ ಕೂಡಲೇ ಕೀಲಿ ತಿರುಗಿಸುತ್ತೇನೆ.
ತಪ್ಪು, ಗೊತ್ತು. ಲೈಟೂ ಆರುತ್ತದೆ.
ದ್ಯಾಮಕ್ಕ ಮಾರಮ್ಮನನ್ನು ಕರೆಯುತ್ತಾಳೆ.
ಮುನ್ನೂರು ಮೀಟರು ಪುಕ್ಕಟೆ.
ಅಷ್ಟು ದೂರ ಲೋಕ ನನ್ನಿಂದ ಏನೂ ಕೇಳುವುದಿಲ್ಲ:
ಟೈರಿನ ಸರಸರ, ಎಲ್ಲೋ ಒಂದು ಕಾಜಾಣ,
ನನ್ನದೇ ಹಲ್ಲಿನ ಟಕಟಕ.

ಏಳಕ್ಕೆ ನೀಲಿ ಅಂಗಿ ತೊಟ್ಟು ಬಂಕಿನಲ್ಲಿ ನಿಂತಿರುತ್ತೇನೆ.
"ಸೊನ್ನೆ ನೋಡಿ ಸರ್."
ದಿನಕ್ಕೆ ಮುನ್ನೂರು ಸಲ.
ಫುಲ್ ಟ್ಯಾಂಕ್ ಅನ್ನುವವರು ಸೊನ್ನೆ ನೋಡುವುದಿಲ್ಲ,
ಫೋನು ನೋಡುತ್ತಾರೆ.
ಐವತ್ತಕ್ಕೆ ಹಾಕಿ ಅನ್ನುವವರು ಗಾಡಿ ಇಳಿದು, ಬಗ್ಗಿ,
ರೇಷನ್ ಅಂಗಡಿಯ ತಕ್ಕಡಿ ನೋಡಿದ ಹಾಗೆ ನೋಡುತ್ತಾರೆ.
ಪೈಪಿನ ಕೊನೆಯ ಹನಿಗೂ ಕಾಯುತ್ತಾರೆ.
ಅವರಿಗೆ ನಾನು ಪೈಪು ಎರಡು ಸಲ ಕೊಡವುತ್ತೇನೆ.

ಮೊನ್ನೆ ಬುಧವಾರ, ಸಂಬಳಕ್ಕೆ ಇನ್ನೂ ನಾಲ್ಕು ದಿನ,
ಶಿರಸಿ ಬಂತು ಅನ್ನುವಾಗ ಗಾಡಿ ಬಿಕ್ಕಳಿಸಿ ನಿಂತಿತು.
ಅಲ್ಲಾಡಿಸಿ ಕಿವಿಗೊಟ್ಟೆ. ಟ್ಯಾಂಕು ಮಾತಾಡಲಿಲ್ಲ.
ದ್ಯಾಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ತಳ್ಳಿದಳು,
ಹ್ಯಾಂಡಲ್ ಹಿಡಿದು ನಾನು.
ಏರು. ಮಂಜು.
ಹಾಲಿನ ವ್ಯಾನು ಹಾರ್ನ್ ಹೊಡೆದು ಹೋಯಿತು.
ಅರ್ಧ ಏರಿಗೆ ಸೆಕೆಯಾಗಿ ಪೇಪರು ಎಳೆದು ಬಿಸಾಕಿದೆ,
ಕವರು ಕಿತ್ತೆ, ಸಾಕ್ಸು ಬಿಚ್ಚಿದೆ;
ಹತ್ತೂ ಬೆರಳು ಬೆಚ್ಚಗೆ, ನನ್ನವೇ,
ತಿಂಗಳಾಗಿತ್ತು ಅವನ್ನು ಹೊರಗೆ ನೋಡಿ.
"ಯಾಕೆ ನಗ್ತಿ?" ಅಂದಳು ದ್ಯಾಮಕ್ಕ,
ತಾನೂ ನಗುತ್ತ, ಏದುತ್ತ.

ಬಂಕಿನಲ್ಲಿ ಇನಾಸ ಪೈಪು ಹಿಡಿದು ನಿಂತಿದ್ದ.
ಏನಾಯ್ತು ಅಂತ ಕೇಳಲಿಲ್ಲ.
ಬೆವರಿಗೆ ನೆನೆದ ನೋಟು: ಐವತ್ತು, ಹತ್ತು.
ಸೋಮವಾರ ಅಲ್ಲದಿದ್ದರೂ ದ್ಯಾಮಕ್ಕನ ಇನ್ನೊಂದು ಹತ್ತು.
"ಸೊನ್ನೆ ನೋಡು," ಅಂದ.

ನೋಡಿದೆ.
ದುಂಡಗೆ ಇತ್ತು,
ಚಳಿಗೆ ಯಾರೋ ಬಾಯಿ ತೆರೆದ ಹಾಗೆ.
ಆಮೇಲೆ ಅಂಕೆ ಓಡಿತು, ಎಪ್ಪತ್ತಕ್ಕೆ ನಿಂತಿತು.
ಇನಾಸ ಪೈಪು ಕೊಡವಿದ, ಒಂದು ಸಲ, ಎರಡು ಸಲ,
ನನ್ನ ಮುಖ ನೋಡಿ
ಇನ್ನೊಂದು ಸಲ.