ಹದಿನಾಲ್ಕನೆಯ ಸಂಪುಟ

ಬಂತು ಕಡೆಯದು. ನೆಬ್ರಾಸ್ಕದ ಹಿಮದಲ್ಲಿ
ಅಂಚೆಗಾಡಿ ಹೂತು, ನಾಲ್ಕು ದಿನ ತಡವಾಗಿ.
ಕಡೆಯದೆಂದು ರಟ್ಟಿನ ಮೇಲೆ ಅಚ್ಚಾಗಿದೆ.
ಹನ್ನೆರಡನೆಯದರ ಮೇಲೂ ಹಾಗೇ ಇತ್ತು.

ಮೊದಲನೆಯದನ್ನು ಓದಿದ್ದು ಒಂದೇ ರಾತ್ರಿ,
ಒಲೆಯ ಮೇಲೆ ಬೀನ್ಸ್ ಸೀದು ಕರಕಲಾಗುವಷ್ಟು.
ಬೆಳಗ್ಗೆ ಆರ್ವಿಲ್ ಹಾಸಿಗೆಯಲ್ಲಿಲ್ಲ,
ಚಪ್ಪಲಿ ಮಾತ್ರ, ಜೋಡಿಯಾಗಿ.
ಎದೆ ಧಸಕ್ಕೆಂದಿತು:
ಅವನನ್ನಷ್ಟೇ ಎತ್ತಿಕೊಂಡರೇ, ನನ್ನ ಬಿಟ್ಟು?
ಕೊಟ್ಟಿಗೆಯಲ್ಲಿ ಗಂಬೂಟು ಹಾಕಿ ಕರು ಎಳೆಯುತ್ತಿದ್ದ.
ಆ ಹೆದರಿಕೆ ಎಷ್ಟು ಚೆನ್ನಾಗಿತ್ತು!

ಆಮೇಲೆ ವರ್ಷಕ್ಕೊಂದು.
ಏಳರಲ್ಲಿ ಒಂದು ಮುದ್ರೆ ಒಡೆಯುವುದಕ್ಕೇ ಮುನ್ನೂರು ಪುಟ.
ಎಂಟರಲ್ಲಿ ಸತ್ತ ದಂತವೈದ್ಯ
ಹತ್ತರಲ್ಲಿ ಕೂತು ಕಾಫಿ ಕುಡಿಯುತ್ತಾನೆ, ಯಾರೂ ಕೇಳುವುದಿಲ್ಲ.
ಗಂಡಸರು ಫೋನಿನಲ್ಲೇ ಲೋಕ ಉಳಿಸುತ್ತಾರೆ,
ಹೆಂಗಸರು ಸ್ಯಾಂಡ್‌ವಿಚ್ ಕಟ್ಟುತ್ತಾರೆ.
ಆದರೂ ಕೊಂಡೆ.
ಒಂಬತ್ತಕ್ಕೂ ಹತ್ತಕ್ಕೂ ನಡುವೆ ಆರ್ವಿಲ್ ಹೋದ,
ತುತೂರಿಯಿಲ್ಲದೆ, ಆಸ್ಪತ್ರೆಯಲ್ಲಿ, ಬಾಯಿ ತೆರೆದುಕೊಂಡು.
ಈ ಸಲ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಕೊಟ್ಟರು.

ಈಗ ಮುಗಿಸಿದೆ. ಕರ್ತನು ಬಂದ, ಬಿಳಿ ಕುದುರೆ ಏರಿ,
ಅರ್ಧ ಪುಟ.
ಉಪದೇಶ ಮಾಡಿದ, ಮೂವತ್ತು ಪುಟ,
ಥೇಟ್ ನಮ್ಮ ಪಾಸ್ಟರ್ ಲಿಂಡ್‌ಕ್ವಿಸ್ಟರ ಧಾಟಿ.
ಸತ್ತವರೆಲ್ಲ ಎದ್ದರು, ಒಂದೇ ವಾಕ್ಯದಲ್ಲಿ,
ಹೆಸರಿಲ್ಲದೆ.
ಆ ವಾಕ್ಯದ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ,
ಅಲ್ಲೊಬ್ಬ ಎದ್ದವನೇ
ಗಂಬೂಟು ಹುಡುಕುತ್ತಿದ್ದಾನೇನೋ ಎಂದು.

ನಂಬಿಕೆ ಹೋಗಿಲ್ಲ, ಲೇಖಕರೇ,
ಅದರ ಗೊಡವೆ ನಿಮಗೆ ಬೇಡ.
ಹೋದದ್ದು ಕಾಯುವ ರುಚಿ.

ಹಿಂದಿನ ಹಾಳೆಯಲ್ಲಿ, ಸಣ್ಣಕ್ಷರದಲ್ಲಿ:
ಹದಿನೈದನೆಯದು, ಮುಂದಿನ ಈಸ್ಟರಿಗೆ.
ಕನ್ನಡಕ ತೆಗೆದು ಒರೆಸಿದೆ.
ಚೆಕ್‌ಬುಕ್ ಎಲ್ಲಿಟ್ಟೆನೋ, ಹಾಳಾದ್ದು.