ಇನ್ನೂ ಹತ್ತು ಮಾರು

ಲಂಗರು ಬಿಟ್ಟದ್ದು ಏಳು ಮಾರು ನೀರಿನಲ್ಲಿ.
ಸರಪಳಿ ಗಡಗಡ ಇಳಿದು ತಳ ಕಚ್ಚಿದ್ದನ್ನು
ಟೋರ್ಗೇರ್ ಅಂಗಾಲಿನಲ್ಲೇ ಕೇಳಿಸಿಕೊಂಡ.
ಅವನಿಗೆ ಕಿವಿಗಿಂತ ಕಾಲು ಚುರುಕು.
ಕೆಳಗೆ ಮರಳೋ ಪಾಚಿಯೋ ಕಾಣಲಿಲ್ಲ.
"ಹಿಡಿದಿದೆ" ಅಂದ. ನಂಬಿದೆ.
ಹದಿನಾರು ಬೇಸಿಗೆ ಹೀಗೇ ನಂಬಿ
ಅರ್ಧ ಕಣ್ಣು ತೆರೆದೇ ಮಲಗಿದ್ದೇನೆ.

ಹೆಲ್ಗೆಲಾಂಡಿನ ಈ ಕರಾವಳಿಯಲ್ಲಿ
ಜುಲೈಯೆಂದರೆ ರಾತ್ರಿಯಿಲ್ಲ.
ಹನ್ನೊಂದು ಗಂಟೆಗೂ ಹಗ್ಗದ ಮೇಲೆ ಬಟ್ಟೆ ಒಣಗುತ್ತದೆ,
ಮಗಳನ್ನು ಮಲಗಿಸಲು ಕಿಟಕಿಗೆ ಟವೆಲು ಸಿಕ್ಕಿಸಬೇಕು.
ಒಂಬತ್ತು ಮೀಟರಿನ ದೋಣಿ, ನಾಲ್ಕು ಜನ:
ಒಬ್ಬರು ಜಾಕೆಟ್ ತೊಡುವಾಗ ಉಳಿದವರು ಕೂರಬೇಕು.
ಜಗಳಕ್ಕೂ ಜಾಗ ಸಾಲದೆ
ಮೂರು ದಿನದಿಂದ ಎಸ್ಕಿಲ್ ಮಾತು ಬಿಟ್ಟಿದ್ದಾನೆ.
ಗೆಳೆಯರೆಲ್ಲ ಊರಿನಲ್ಲಿ ಫುಟ್‌ಬಾಲ್ ಆಡುವಾಗ
ತಾನೊಬ್ಬ ಇಲ್ಲಿ ಮೀನು ಹೆರೆಯುತ್ತಾ.

ಬೆಟ್ಟಕ್ಕೆ ಬಾ ಅಂದರೆ ತಲೆ ಅಲ್ಲಾಡಿಸಿದ.
ಇರು ಹಾಗಾದರೆ, ಅಂದೆವು.

ರಬ್ಬರ್ ತೆಪ್ಪವನ್ನು ಉಬ್ಬರ ಮುಟ್ಟದಷ್ಟು ಮೇಲೆಳೆದು
ಬಂಡೆಗೆ ಕಟ್ಟಿ ಹತ್ತಿದೆವು.
ಮೊದಲು ಕುರಿಗಳ ದಾರಿ, ಆಮೇಲೆ ಜೌಗು.
ಯಿಲ್ವಾಳ ಎಡಗಾಲ ಬೂಟನ್ನು ನೆಲ ಚಪ್ಪರಿಸಿ ನುಂಗಿತು,
ತೋಳು ಹಾಕಿ ಕಿತ್ತೆ, ತುಂಬ ಕಪ್ಪು ನೀರು.
ಅವಳು ಅಳಲಿಲ್ಲ. ಮುಲ್ಟೆ ಗಿಡ ಕಂಡಿದ್ದಳು.
ಕೆಂಪಿದ್ದರೆ ಕಾಯಿ, ಹಳದಿಗೆ ತಿರುಗಿದರೆ ಹಣ್ಣು,
ಲೋಕಕ್ಕೆಲ್ಲ ತಿರುಗುಮುರುಗು ಇದೊಂದು, ಅಂತ ಹೇಳಿದ್ದೆ.
ಆದರೂ ಕೆಂಪನ್ನೇ ಕಚ್ಚಿ ಮುಖ ಕಿವಿಚಿದಳು.

ನೆತ್ತಿಯಲ್ಲಿ ಕಲ್ಲುಗುಪ್ಪೆ. ಯಾರು ಯಾರೋ ಇಟ್ಟದ್ದು.
ನಮ್ಮದೂ ಒಂದಿಟ್ಟು ಕೂತೆವು.
ಯಿಲ್ವಾ ದ್ವೀಪ ಎಣಿಸುತ್ತಾ ನಲವತ್ತಕ್ಕೆ ಸೋತಳು.

ಗಾಳಿ ತಿರುಗಿದ್ದು ಮೊದಲು ಗೊತ್ತಾದದ್ದು
ಫ್ಲಾಸ್ಕಿನ ಮುಚ್ಚಳಕ್ಕೆ. ಉರುಳಿಕೊಂಡು ಹೋಯಿತು.
ಕೆಳಗೆ ಕೊಲ್ಲಿಯ ನೀರು ಸುಕ್ಕುಗಟ್ಟಿ ಕಪ್ಪಾಯಿತು.
ರೀವಹಕ್ಕಿಯ ಹೆಸರಿನ ನಮ್ಮ ತೆರ್ನಾ, ನಮ್ಮ ಮನೆ,
ಕಿರುಬೆರಳ ಉಗುರಿನಷ್ಟು.
ಬರುವಾಗಲೇ ನಾನು ಕೂವೆಮರಕ್ಕೂ ಬಿಳಿ ಬಂಡೆಗೂ
ಕಣ್ಣಲ್ಲೇ ಒಂದು ಗೆರೆ ಎಳೆದಿಟ್ಟುಕೊಂಡಿದ್ದೆ.
ಗೆರೆ ತಪ್ಪಿತ್ತು.

ಲಂಗರು ಜಾರುತ್ತಿದೆ.

ಕೂಗಿದೆ. ಕೂಗು ಗಾಳಿಗೆ ಸಿಕ್ಕಿ ಕುರಿಗಳ ಕಡೆ ಹೋಯಿತು,
ಒಂದು ಕುರಿ ತಲೆಯೆತ್ತಿ ನೋಡಿತು.
ಟೋರ್ಗೇರ್ ಆಗಲೇ ಓಡಿದ್ದ.
ಇಳಿಯಲು ನಲವತ್ತು ನಿಮಿಷ.
ದೋಣಿ ಬಂಡೆಗೆ ಬಡಿಯಲು ಹತ್ತು.
ಮಾಡಬಾರದ ಲೆಕ್ಕ, ಮಾಡಿಬಿಟ್ಟೆ.

ಆಗ ಒಳಗಿನಿಂದ ಎದ್ದಿತು ಒಂದು ಕೆಂಪು ಚುಕ್ಕೆ.
ಅವನ ಅಂಗಿ.
ಮುಂಭಾಗಕ್ಕೆ ನಡೆಯಿತು. ನಡೆಯಿತು, ಓಡಲಿಲ್ಲ:
ದೋಣಿಯ ಮೇಲೆ ಓಡಬೇಡ ಎಂದು
ಸಾವಿರ ಸಲ ಬೈಸಿಕೊಂಡ ಕಾಲು.
ಬಾಗಿತು. ತುಂಬಾ ಹೊತ್ತು ಬಾಗಿಯೇ ಇತ್ತು.
ಸರಪಳಿ ಬಿಡುತ್ತಿದ್ದಾನೆ.
ಬಿಡು, ಇನ್ನೂ, ಇನ್ನೂ ಹತ್ತು ಮಾರು ಬಿಡು,
ಇಲ್ಲಿ ನಾನು ಬರಿಗೈಯಲ್ಲಿ ಗಾಳಿಯನ್ನು ಇಳಿಬಿಡುತ್ತಿದ್ದೆ.
ಚುಕ್ಕೆ ಹಿಂಭಾಗಕ್ಕೆ ಸರಿಯಿತು. ಹೊಗೆಯ ಎಳೆ: ಎಂಜಿನ್.
ತೆರ್ನಾ ಮೆಲ್ಲಗೆ ಗಾಳಿಗೆ ಮುಖಕೊಟ್ಟು ನಿಂತಳು.

ಕೂವೆಮರ, ಬಿಳಿ ಬಂಡೆ.
ನೂರು ಎಣಿಸಿದೆ. ಮತ್ತೆ ನೂರು.
ಹೊಸ ಗೆರೆ ಅಲುಗಲಿಲ್ಲ.

"ಅಣ್ಣ ಏನು ಮಾಡ್ತಿದ್ದಾನೆ?"
"ಮನೆ ನೋಡ್ಕೊಳ್ತಿದ್ದಾನೆ."
"ಈಗ ಮಾತಾಡ್ತಾನಾ?"

ನಾವು ತೆಪ್ಪದಿಂದ ಹತ್ತುವಾಗ
ಕೈಕೊಟ್ಟು ಎಳೆದುಕೊಂಡ, ಅಂಗೈ ಸುಲಿದಿತ್ತು.
ಟೋರ್ಗೇರ್ ಏನೋ ಹೇಳಲು ಹೋಗಿ
ಬಾಯಿ ತೆರೆದೇ ಇದ್ದ.
"ತಳದಲ್ಲಿ ಬರೀ ಪಾಚಿ, ಅಪ್ಪ" ಅಂದ ಎಸ್ಕಿಲ್.
ಮೂರು ದಿನಕ್ಕೆ ಮೊದಲ ಮಾತು,
ಅರ್ಧ ಹುಡುಗನದು, ಅರ್ಧ ಇನ್ಯಾರದೋ ಗಂಟಲು.

ಆ ರಾತ್ರಿ, ರಾತ್ರಿಯೆನ್ನುವ ಆ ಬೆಳಕಿನಲ್ಲಿ,
ಕಾವಲು ತನ್ನದೆಂದು ಅವನೇ ಕೂತ.
ತಲೆಬುಡವಾಗಿ ನೇತುಹಾಕಿದ ಯಿಲ್ವಾಳ ಬೂಟು
ತೊಟ್ಟಿಕ್ಕುತ್ತಿತ್ತು.
ನೆತ್ತಿಯ ಮೇಲೆ ಹಲಗೆಯಲ್ಲಿ ಬರಿಗಾಲ ಸದ್ದು,
ಮುಂದಕ್ಕೆ, ಹಿಂದಕ್ಕೆ,
ಮತ್ತೆ ಸರಪಳಿಯ ಬಳಿ ಹೋಗಿ
ನಿಂತು ಕೇಳುವ ಸದ್ದು.