ಚಾವಣಿ ಕಳೆದ ಅಕ್ಷರ

ಅಟ್ಟದಲ್ಲಿರುವುದು ತೊಂಬತ್ತೆಂಟರದು.
ಅಡುಗೆಮನೆಯದು ಅದರ ತಂಗಿ, ನಾಲ್ಕು ವರ್ಷಕ್ಕೆ ಕಿರಿಯಳು.
ನಡುವೆ, ಮೆಟ್ಟಿಲಂಚಿಗೆ ಮೊಳೆ ಹೊಡೆದು ಇಳಿಬಿಟ್ಟ
ಹದಿನೇಳು ಮೀಟರು ಬೂದು ತಂತಿ.
ಲೇಬಲ್ಲು ಮೇಲಿದೆ, ಪ್ರಿಂಟರು ಕೆಳಗಿದೆ,
ಶನಿವಾರ ತೊಲ್ಮಿನ್ ಸಂತೆಗೆ ಹೊರಡಬೇಕಾದ
ಇನ್ನೂರು ಸೀಸೆ ಜೇನು ಹೆಸರಿಲ್ಲದೆ ಕೂತಿದೆ.

ಹೋದ ತಿಂಗಳವರೆಗೂ ಮಾತಾಡಿಕೊಂಡೇ ಇದ್ದವು.
ಸತ್ತವರಿಗೆ ದೀಪ ಹಚ್ಚುವ ದಿನ ಬಂದ ನಾದಿನಿಯ ಮಗಳು ನೇಯಾ
ಗೋರಿ ತೊಳೆದ ಕೈಯಲ್ಲೇ ತಂಗಿಯನ್ನೂ ತೊಳೆದಳು.
"ಅತ್ತೆ, ಈಗ ಹೊಸದರಂತಾಗಿದೆ!"
ಹೌದು, ಹೊಸದರಂತೆ ಯಾರ ಗುರುತೂ ಇಲ್ಲ.

ಕೆಳಗಿಂದ ಪಿಂಗ್ ಎಂದು ಕರೆದರೆ
ಅಕ್ಕ ನಾಲ್ಕು ಸಲ ಓಗೊಡುತ್ತಾಳೆ,
ಲೆಕ್ಕ ಹಾಕಿದಂತೆ ನಾಲ್ಕೇ.
ಮೇಲೆ ಹತ್ತಿ ಅಕ್ಕನ ಬಾಯಿಂದ ಕರೆಸಿದರೆ
ತಂಗಿ ಕಲ್ಲು.
ಹತ್ತಿದೆ, ಇಳಿದೆ. ಮಂಡಿ ಹೇಳಿತು: ಸಾಕು.
ಆದರೂ ಒಂದೊಂದು ಸಲಕ್ಕೂ "ಮುದ್ರಿಸು" ಒತ್ತಿ ಬಂದೆ,
ಕಿವುಡರ ಕದ ಬಡಿಯುವ ಅಂಚೆಯವನ ಹಾಗೆ.

ಫೋನಿನಲ್ಲಿ ನೇಯಾ: "ಪೆನ್‌ಡ್ರೈವಿನಲ್ಲಿ ಒಯ್ಯಿರಲ್ಲ."
ಅಕ್ಕನ ಕಾಲಕ್ಕೆ ಅದು ಹುಟ್ಟಿರಲಿಲ್ಲವಮ್ಮ,
ಫ್ಲಾಪಿ ನುಂಗುವ ಬಾಯಿಗೆ ಹಲ್ಲು ಬಿದ್ದು ವರ್ಷವಾಯಿತು.
"ಹಾಗಾದರೆ ಹೊಸದೊಂದು..."
ಒಲೆಯ ಮೇಲೆ ಹಾಲಿದೆ ಎಂದೆ. ಹಾಲಿರಲಿಲ್ಲ.

ಕಾವಲುಗೋಡೆಯಲ್ಲಿ ಕಿಂಡಿ ತೆರೆದೆ,
ಮನೆಯವರಿಗೆ ಮಾತ್ರ ಎಂದು ಗುರುತು ಹಾಕಿ.
ಗುಂಪಿನ ಹೆಸರು ನೋಡಿದೆ: ಮೇಲೆ 'ಪಾನ್ಯ್',
ನಮ್ಮ ಮಾತಿನಲ್ಲಿ ಜೇನುಪೆಟ್ಟಿಗೆ;
ಕೆಳಗೆ ಕಾರ್ಖಾನೆ ಇಟ್ಟದ್ದು, ಯಾರಿಗೂ ಇಡಬಹುದಾದದ್ದು.
ತಿದ್ದಿದೆ. ಆರಿಸಿ ಹಚ್ಚಿದೆ.
ಕಾದೆ, ಎರಡು ಕಾಫಿಯಷ್ಟು.
ಪಟ್ಟಿಯಲ್ಲಿ ಈಗ ಇಬ್ಬರೂ ಅಕ್ಕಪಕ್ಕ!
ಒತ್ತಿದರೆ: ಪ್ರವೇಶವಿಲ್ಲ.
ಕಂಡೂ ಕಾಣದ ಹಾಗೆ ಹೋಗುವ ಬೀಗಿತ್ತಿಯರು.

ರಾತ್ರಿ ಸಿಲ್ವೊ ಹೊಲದಿಂದ ಬಂದ,
ಬೂಟಿನಲ್ಲಿ ಸೋಚಾ ಹೊಳೆಯ ಮಂಜು.
ರಾಣಿ ಸತ್ತ ಪೆಟ್ಟಿಗೆಯನ್ನು ನೀಲಿ ಪೆಟ್ಟಿಗೆಗೆ ಸೇರಿಸಿದನಂತೆ.
ಸುಮ್ಮನೆ ಸುರಿದರೆ ಕೊಂದುಕೊಳ್ಳುತ್ತವೆ.
ನಡುವೆ ಒಂದು ಹಾಳೆ ಹಳೆಯ ಪೇಪರು,
ಸೂಜಿಯಿಂದ ನಾಲ್ಕು ತೂತು.
ಕಡಿದು ಮುಗಿಸುವಷ್ಟರಲ್ಲಿ ವಾಸನೆ ಒಂದಾಗಿರುತ್ತದೆ,
ಬೆಳಿಗ್ಗೆ ಬಾಗಿಲಲ್ಲಿ ಸುದ್ದಿಯ ಚೂರು ಚೂರು.

"ನಿನ್ನ ಹುಳುಗಳಿಗೆ ಗುಪ್ತಪದದ ಕಾಟವಿಲ್ಲ" ಎಂದೆ.
"ಇದೆ," ಎಂದ ಸೂಪು ಹೀರುತ್ತ,
"ಏನೂ ಮೂಸದ ಹುಳವನ್ನು ಕಾವಲಿನವು ಬಿಡುವುದಿಲ್ಲ."

ಚಮಚ ಕೆಳಗಿಟ್ಟೆ.
ತಂಗಿಯ ಗುಪ್ತಪದ ಖಾಲಿ.
ಎದುರು ಕೂತವರಿಗೆ ಅದು ಸಾಕು,
ತಂತಿಯಲ್ಲಿ ಬಂದವರಿಗೆ ಸಾಲದು.
ಅಟ್ಟದಲ್ಲಿ ನಾನು ಯಾವ ಹೆಸರೋ ಅದೇ ಹೆಸರು ಕೆಳಗೂ,
ಇಬ್ಬರಿಗೂ ಒಂದೇ ಗುಟ್ಟು.
ಯಾವುದೆಂದು ಸಿಲ್ವೊಗೂ ಹೇಳಿಲ್ಲ.

ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಪ್ರಿಂಟರು ಕೆಮ್ಮಿತು,
ಕೆಮ್ಮಿದ್ದು ನಿಲ್ಲಿಸಲೇ ಇಲ್ಲ.
ಮೂರು ದಿನದ ಕದ ಬಡಿತವೆಲ್ಲ ಸಾಲು ಹಚ್ಚಿತ್ತಲ್ಲ,
ನಲವತ್ತೊಂದು ಹಾಳೆ,
ಮೇಜು ದಾಟಿ, ಬೆಕ್ಕನ್ನು ದಾಟಿ, ನೆಲದ ತುಂಬ:
ಹೂಜೇನು ಹೂಜೇನು ಹೂಜೇನು.

ಒಂದೇ ಕೊರತೆ.
'ಚ' ಎನ್ನಲು ನಾವು ಅಕ್ಷರದ ತಲೆಗೊಂದು ಗೆರೆಮಡಿಕೆ ಇಡುತ್ತೇವೆ,
ಪುಟ್ಟ ಚಾವಣಿ ಅಂತಲೇ ಅದರ ಹೆಸರು.
ಮೆಟ್ಟಿಲಿಳಿಯುವಾಗ ಎಲ್ಲೋ ಹಾರಿಹೋಗಿದೆ.
ಪ್ರತಿ ಲೇಬಲ್ಲಿನಲ್ಲೂ ನಮ್ಮ ಹೂವು ಬೋಳುತಲೆ.

ತಿದ್ದುವ ಬಗೆ ಹುಡುಕಬಹುದಿತ್ತು. ಗಂಟೆ ಹನ್ನೊಂದು.
ಸಿಲ್ವೊ ಕನ್ನಡಕ ಹಾಕಿದ,
ರಾಣಿಯ ಬೆನ್ನಿಗೆ ಚುಕ್ಕೆ ಇಡುವ ಸಣ್ಣ ಪೆನ್ನು ತೆಗೆದ,
ಉಸಿರು ಹಿಡಿದು ಕೂತ.
ನಾನು ಕತ್ತರಿಸಿ ಕೊಟ್ಟೆ, ಅವನು ಚಾವಣಿ ಹೊದಿಸಿದ,
ಒಂದೊಂದೇ ಮನೆಗೆ.